ಮುಚ್ಚಿದ್ದೆಲ್ಲ ಮುಗಿದದ್ದಲ್ಲ



ಆದೋನಿಯ ಹತ್ತಿ ವ್ಯಾಪಾರದ ಲೆಕ್ಕ ಒಂದು ಕಾಲಕ್ಕೆ ಖಾತೆ ಪುಸ್ತಕದಲ್ಲಿತ್ತು. ಇಂದು ಅನೇಕ ದಲಾಲಿ ಅಂಗಡಿಗಳಲ್ಲಿ ಅದು ಲ್ಯಾಪ್‌ಟಾಪಿಗೆ ಬಂದಿದೆ. ಸಂಜೆ ಅದನ್ನು ನಿಲ್ಲಿಸಲು ಎರಡು ದಾರಿಗಳುಂಟು. ಹೈಬರ್ನೇಟ್ ಮಾಡಿದರೆ, ತೆರೆದಿಟ್ಟ ಕೆಲಸವನ್ನೆಲ್ಲ ಇದ್ದದ್ದು ಇದ್ದ ಹಾಗೆ ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಯಂತ್ರ ಆರುತ್ತದೆ. ರಾತ್ರಿ ಕರೆಂಟು ಹೋಗಿ ಬ್ಯಾಟರಿ ಪೂರ್ತಿ ಇಳಿದರೂ ಚಿಂತೆಯಿಲ್ಲ. ಬೆಳಗ್ಗೆ ಅರ್ಧ ಬರೆದ ಸಾಲಿನಿಂದಲೇ ಮುಂದುವರಿಸಬಹುದು. ಷಟ್‌ಡೌನ್ ಮಾಡಿದರೆ ತೆರೆದದ್ದೆಲ್ಲ ಮುಚ್ಚುತ್ತದೆ. ಬರೆದದ್ದನ್ನು ಉಳಿಸಬೇಕೇ, ಬೇಡವೇ ಎಂದು ಮೊದಲು ನಮ್ಮನ್ನೇ ಕೇಳುತ್ತದೆ.

ಕೆಲಸ ನಡುವೆ ನಿಂತಿದ್ದರೆ ಹೈಬರ್ನೇಟ್ ಒಳ್ಳೆಯದು. ಆದರೆ ಯಂತ್ರವೇ ತಡವರಿಸುತ್ತಿದ್ದರೆ ಅದರಿಂದ ಗುಣವಾಗದು. ಕೆಲಸದ ಜೊತೆಗೆ ತೊಡಕೂ ಜೋಪಾನವಾಗಿ ಉಳಿದು, ಬೆಳಗ್ಗೆ ಹಾಗೆಯೇ ಎದ್ದು ಬರುತ್ತದೆ.

ನಮ್ಮ ಮನಸ್ಸೂ ಹೀಗೆಯೇ ಅಲ್ಲವೇ? ಹೊಲದ ಬದುವಿಗಾಗಿ, ಹತ್ತಿ ಹಣದ ಪಾಲಿಗಾಗಿ ಅಣ್ಣತಮ್ಮಂದಿರ ಮಾತು ನಿಲ್ಲುತ್ತದೆ. ಹತ್ತು ವರ್ಷ ಕಳೆದರೂ ಸಿಟ್ಟು ಮೊದಲ ದಿನದಷ್ಟೇ ಬಿಸಿಯಾಗಿರುತ್ತದೆ. ಹೆತ್ತ ತಾಯಿಯ ಸಮಾಧಿಯ ಬಳಿ ನಿಂತರೂ ಒಬ್ಬರ ಮುಖ ಒಬ್ಬರು ನೋಡರು. ಕಾಲ ಕಳೆಯಿತು, ಸಿಟ್ಟು ಕಳೆಯಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಷಟ್‌ಡೌನ್ ಒತ್ತಿದಾಗ ಮೇಲಿನ ಕೆಲಸಗಳು ಮುಚ್ಚುತ್ತವೆ. ಒಳಗಿನ ಮೂಲ ವ್ಯವಸ್ಥೆ ಮಾತ್ರ ಹೈಬರ್ನೇಟ್ ಆಗಿಯೇ ಉಳಿಯುತ್ತದೆ. ಅದೂ ಹೊಸದಾಗಿ ಏಳಬೇಕಾದರೆ ರೀಸ್ಟಾರ್ಟ್ ಕೊಡಬೇಕು. ಹಿರಿಯರ ಮುಂದೆ ಕೈಮುಗಿದು “ಎಲ್ಲ ಮರೆತೆ” ಎಂದು ಹೇಳಿ, ಒಳಗೆ ಹಗೆ ಉಳಿಸಿಕೊಳ್ಳುವುದು ಇಂಥ ಷಟ್‌ಡೌನ್. ನೋಡುವವರಿಗೆ ಪರದೆ ಕಪ್ಪಾಗಿದೆ, ಅಷ್ಟೇ. ಹಣೆಯ ವಿಭೂತಿ ಹೊರಗಿನವರಿಗೆ ಕಾಣುತ್ತದೆ. ಅಂಗೈಯ ಇಷ್ಟಲಿಂಗದ ಮುಂದೆ ಕುಳಿತಾಗ ಒಳಗಿನದನ್ನು ಬಚ್ಚಿಡಲು ಜಾಗವೆಲ್ಲಿ?

ಹಾಗೆಂದು ಎಲ್ಲವನ್ನೂ ಅಳಿಸಿಬಿಡುವುದು ಧರ್ಮವಲ್ಲ. ತಮ್ಮನಿಗೆ ಸಲ್ಲಬೇಕಾದ ಪಾಲು ಬಾಕಿಯಿದ್ದರೆ ಅದನ್ನು ಮುಂದಿನ ಪುಟಕ್ಕೆ ತರಲೇಬೇಕು, ಕೊಟ್ಟು ತೀರಿಸಲೇಬೇಕು. ಬಾಕಿ ಉಳಿಸಿಕೊಂಡು “ಮರೆತುಬಿಡು” ಎನ್ನುವುದು ಕ್ಷಮೆಯಲ್ಲ. ಅರ್ಧವಾದ ಕಾಯಕವನ್ನು ಉಳಿಸಿ, ಕೊಡಬೇಕಾದ ಲೆಕ್ಕವನ್ನು ಉಳಿಸಿ, ಹಗೆಯನ್ನು ಮಾತ್ರ ಉಳಿಸದಿರಿ.

ದೀಪಾವಳಿಗೆ ಹೊಸ ಖಾತೆ ಪೂಜಿಸುವ ಮುನ್ನ, ಮಾತು ಬಿಟ್ಟವರ ಮನೆಯ ಹೊಸ್ತಿಲು ಒಮ್ಮೆ ದಾಟಿ ಬನ್ನಿ. ಮೊದಲು ಹೋದವನು ಸೋತವನಲ್ಲ.



– ಕಾರ್ಯದರ್ಶಿ