ಸೀದಾ, ಉಲ್ಟಾ

ನಮಗೆ ಎದುರು ನುಡಿದವರೆಲ್ಲ ವಿರೋಧಿಗಳೇ? ಸ್ವೆಟರಿನ ಹೆಣಿಗೆಯನ್ನು ನೋಡೋಣ. ಅದರಲ್ಲಿ ಮೂಲವಾಗಿ ಎರಡೇ ಬಗೆ: ಸೀದಾ, ಉಲ್ಟಾ. ಸೀದಾ ಕುಣಿಕೆಯನ್ನೇ ಹಿಂಬದಿಯಿಂದ ನೋಡಿದರೆ ಉಲ್ಟಾ. ಒಂದು ಮುಖವೆಲ್ಲ ಸೀದಾ ಬರುವಂತೆ ಹೆಣೆದರೆ ಬಟ್ಟೆಯ ಅಂಚು ಸುರುಳಿ ಸುತ್ತುತ್ತದೆ. ಉದ್ದಕ್ಕೆ ಒಂದು ಸಾಲು ಸೀದಾ, ಪಕ್ಕದ ಸಾಲು ಉಲ್ಟಾ ಆದರೆ ಬಟ್ಟೆ ಮಟ್ಟಸವಾಗಿ ನಿಲ್ಲುತ್ತದೆ. ಎಳೆದರೆ ಹಿಗ್ಗಿ, ಬಿಟ್ಟರೆ ಕೂಡಿಕೊಳ್ಳುತ್ತದೆ. ತೋಳಿನ ತುದಿಗೆ ಇದೇ ಹೆಣಿಗೆ.

ಖಾತೆಯೂ ಹಾಗೆಯೇ. ನಾವು ಕೊಡಬೇಕಾದ ಬಾಕಿ ಅವರಿಗೆ ಬರಬೇಕಾದ ಬಾಕಿ, ಲೆಕ್ಕ ಒಂದೇ. ಹೊಲದ ಪಾಲಿಗೆ ಕುಳಿತ ಅಣ್ಣತಮ್ಮಂದಿರೂ ಅಂಗಡಿಯ ಪಾಲುದಾರರೂ ಇದನ್ನು ನೆನೆಯಬೇಕು.

ಆದರೆ ಸುಳ್ಳು ಲೆಕ್ಕ ಉಲ್ಟಾ ಕುಣಿಕೆಯಲ್ಲ, ಜಾರಿದ ಕುಣಿಕೆ. ಅಲ್ಲೇ ಹಿಡಿಯದಿದ್ದರೆ ಕೆಳಗಿನವೂ ಒಂದೊಂದಾಗಿ ಬಿಚ್ಚುತ್ತವೆ. ಭಿನ್ನಮತವನ್ನು ಹೆಣೆದುಕೊಳ್ಳೋಣ; ಸುಳ್ಳನ್ನು ಮಾತ್ರ ತಡೆಯೋಣ.