ಯಾವ ಶಾಸನ ಮೊದಲು? ಸರದಿಯ ರಾಜಕೀಯ ಮತ್ತು ಕಾಯುವವರ ನ್ಯಾಯ

ಶಾಸನಸಭೆಯೊಂದು ಯಾವ ಕಾನೂನುಗಳನ್ನು ಮಾಡಬೇಕು ಎಂಬ ಪ್ರಶ್ನೆಯ ಬೆನ್ನಿಗೇ ಅವುಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಎಂಬ ಪ್ರಶ್ನೆಯೂ ಏಳುತ್ತದೆ. ಮೊದಲನೆಯದನ್ನು ತತ್ತ್ವದ ಪ್ರಶ್ನೆಯೆಂದೂ ಎರಡನೆಯದನ್ನು ಕೇವಲ ತಂತ್ರದ ಪ್ರಶ್ನೆಯೆಂದೂ ವಿಂಗಡಿಸುವುದು ರಾಜಕೀಯ ಚಿಂತನೆಯಲ್ಲಿ ರೂಢಿಯಾಗಿದೆ. ಈ ವಿಂಗಡಣೆ ಸರಿಯಲ್ಲ. ಸಭೆಯ ಕಾಲ, ಬಹುಮತದ ಆಯುಷ್ಯ, ಜನರ ತಾಳ್ಮೆ ಎಲ್ಲವೂ ಮಿತವಾಗಿರುವಾಗ ಒಂದು ಶಾಸನವನ್ನು ಮುಂದಿಡುವುದೆಂದರೆ ಇನ್ನೊಂದಕ್ಕಾಗಿ ಕಾಯುತ್ತಿರುವವರನ್ನು ಹಿಂದಕ್ಕೆ ಸರಿಸುವುದು. ಆದ್ದರಿಂದ ಶಾಸನಗಳ ಸರದಿಯೂ ನ್ಯಾಯದ ವಿಷಯವೇ. ಈ ಮಾತನ್ನು ಪರೀಕ್ಷಿಸಲು 1957ರಿಂದ 1973ರವರೆಗಿನ ಕೇರಳದ ಶಾಸನ ಚರಿತ್ರೆಗಿಂತ ಸಮೃದ್ಧವಾದ ಉದಾಹರಣೆ ಸಿಗುವುದು ಕಷ್ಟ. ಆ ಚರಿತ್ರೆಯನ್ನು ರಾಜಧಾನಿಯಿಂದ ನೋಡುವುದಕ್ಕಿಂತ ರಾಜ್ಯದ ಉತ್ತರದ ತುದಿಯಿಂದ, ಎಂದರೆ ಕಾಸರಗೋಡು ಮತ್ತು ಕುಂಬಳೆಗಳ ನಡುವಣ ಮೊಗ್ರಾಲಿನಂಥ ಊರುಗಳ ಕಡೆಯಿಂದ ನೋಡಿದರೆ, ಸರದಿಯ ಪ್ರಶ್ನೆಯ ಆಳ ಹೆಚ್ಚು ಸ್ಪಷ್ಟವಾಗುತ್ತದೆ.

1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟ ಕಾಸರಗೋಡು ಮತ್ತು ಹೊಸದುರ್ಗ ಪ್ರದೇಶಗಳು ಹೊಸ ಕೇರಳಕ್ಕೆ ಸೇರಿದವು. ಮರುವರ್ಷದ ಚುನಾವಣೆಯಲ್ಲಿ 126 ಸ್ಥಾನಗಳ ಪೈಕಿ 60ನ್ನು ಗೆದ್ದ ಕಮ್ಯುನಿಸ್ಟ್ ಪಕ್ಷವು ಪಕ್ಷೇತರರ ಬೆಂಬಲದಿಂದ ಇ. ಎಂ. ಎಸ್. ನಂಬೂದಿರಿಪಾಡರ ನೇತೃತ್ವದಲ್ಲಿ 1957ರ ಏಪ್ರಿಲ್ 5ರಂದು ಅಧಿಕಾರ ವಹಿಸಿಕೊಂಡಿತು. ಅದರ ಮುಂದೆ ಎರಡು ದೊಡ್ಡ ಸುಧಾರಣೆಗಳಿದ್ದವು: ಖಾಸಗಿ ಶಾಲೆಗಳ ಆಡಳಿತವನ್ನೂ ಶಿಕ್ಷಕರ ನೇಮಕಾತಿ ಮತ್ತು ಸಂಬಳವನ್ನೂ ನಿಯಂತ್ರಿಸುವ ಶಿಕ್ಷಣ ಶಾಸನ ಹಾಗೂ ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟು ಹಿಡುವಳಿಗೆ ಮಿತಿ ವಿಧಿಸುವ ಭೂಸಂಬಂಧಗಳ ಶಾಸನ. ಆದರೆ ಸರ್ಕಾರ ಈ ಎರಡಕ್ಕೂ ಮುಂಚೆ, ಅಧಿಕಾರಕ್ಕೆ ಬಂದ ಒಂದು ವಾರದೊಳಗೆ, ಏಪ್ರಿಲ್ 11ರಂದು, ಒಕ್ಕಲೆಬ್ಬಿಸುವ ಕ್ರಮಗಳನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು.

ಈ ಮೊದಲ ಹೆಜ್ಜೆಯಲ್ಲಿ ಸರದಿಯ ಮೊದಲನೆಯ ನಿಯಮ ಅಡಗಿದೆ. ಆ ಸುಗ್ರೀವಾಜ್ಞೆ ಯಾರಿಗೂ ಭೂಮಿಯ ಒಡೆತನವನ್ನು ಕೊಡಲಿಲ್ಲ; ಮುಂದೆ ಬರಲಿರುವ ಕಾನೂನಿನ ಸುದ್ದಿ ಕೇಳಿ ಭೂಮಾಲೀಕರು ಮುಂಚಿತವಾಗಿಯೇ ಗೇಣಿದಾರರನ್ನು ಹೊರಹಾಕುವುದನ್ನು ಮಾತ್ರ ತಡೆಯಿತು. ಒಮ್ಮೆ ಎಬ್ಬಿಸಲ್ಪಟ್ಟ ಒಕ್ಕಲಿಗೆ ಹತ್ತು ವರ್ಷಗಳ ಬಳಿಕ ಬರುವ ಉತ್ತಮ ಕಾನೂನಿನಿಂದ ಪ್ರಯೋಜನವಿಲ್ಲ, ಏಕೆಂದರೆ ಆ ವೇಳೆಗೆ ಅವನು ಆ ಭೂಮಿಯ ಗೇಣಿದಾರನಾಗಿ ಉಳಿದಿರುವುದೇ ಇಲ್ಲ. ಆದ್ದರಿಂದ ಮರಳಿ ಸರಿಪಡಿಸಲಾಗದ ಹಾನಿಯನ್ನು ತಡೆಯುವ ಶಾಸನವು, ಅದೆಷ್ಟೇ ಚಿಕ್ಕದಾಗಿದ್ದರೂ, ದೊಡ್ಡ ಒಳಿತನ್ನು ತರುವ ಶಾಸನಕ್ಕಿಂತ ಮೊದಲು ಬರಬೇಕು.

ಅಲ್ಲಿಂದ ಮುಂದಿನ ದಾರಿ ಅಷ್ಟು ಸರಳವಾಗಿರಲಿಲ್ಲ. ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿಯವರು ಮಂಡಿಸಿದ ಶಿಕ್ಷಣ ಮಸೂದೆ 1957ರ ಸೆಪ್ಟೆಂಬರಿನಲ್ಲಿ ಅಂಗೀಕಾರವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಂದಾಯ ಸಚಿವೆ ಕೆ. ಆರ್. ಗೌರಿಯವರು ಭೂಸಂಬಂಧಗಳ ಮಸೂದೆಯನ್ನು ಸಭೆಯ ಮುಂದಿಟ್ಟರು. ರಾಷ್ಟ್ರಪತಿಗಳು ಶಿಕ್ಷಣ ಮಸೂದೆಯನ್ನು ಸಂವಿಧಾನದ 143ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳಿಸಿದರು. ನ್ಯಾಯಾಲಯವು 1958ರ ಮೇ ತಿಂಗಳಲ್ಲಿ ನೀಡಿದ ಉತ್ತರದಲ್ಲಿ, ಅದರ ಕೆಲವು ಕಲಮುಗಳು ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರಿಗೆ ತಮ್ಮದೇ ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಕೊಡುವ 30ನೆಯ ವಿಧಿಗೆ ವಿರುದ್ಧವೆಂದು ಹೇಳಿತು. ತಿದ್ದುಪಡಿಯಾದ ಶಿಕ್ಷಣ ಶಾಸನಕ್ಕೆ 1959ರಲ್ಲಿ ಅನುಮತಿ ದೊರೆಯಿತು. ಭೂಮಸೂದೆ ಅದೇ ವರ್ಷದ ಜೂನ್ 10ರಂದು ಸಭೆಯಲ್ಲಿ ಅಂಗೀಕಾರವಾಯಿತು. ಎರಡೇ ದಿನಗಳಲ್ಲಿ ಸರ್ಕಾರದ ವಿರುದ್ಧ ವಿಮೋಚನಾ ಸಮರವೆಂಬ ಹೆಸರಿನ ಚಳವಳಿ ಭುಗಿಲೆದ್ದು, ಜುಲೈ 31ರಂದು ಅದು ವಜಾಗೊಂಡಿತು.

ಈ ಘಟನೆಗಳಿಂದ ಹಲವರು ತೆಗೆಯುವ ಪಾಠ ತಂತ್ರದ್ದು: ಶಾಲೆಗಳ ಒಡೆತನವಿದ್ದ ಕ್ರೈಸ್ತ ಸಭೆಗಳನ್ನೂ ಭೂಮಿಯ ಒಡೆತನವಿದ್ದ ವರ್ಗಗಳನ್ನೂ ಒಟ್ಟೊಟ್ಟಿಗೆ ಎದುರು ಹಾಕಿಕೊಂಡಿದ್ದರಿಂದ ಬೇರೆಬೇರೆಯಾಗಿದ್ದ ವಿರೋಧಿಗಳು ಒಂದಾದರು, ಭೂಶಾಸನವನ್ನು ಮುಗಿಸಿ ಶಿಕ್ಷಣಕ್ಕೆ ಕೈಹಾಕಿದ್ದರೆ ಎರಡೂ ಉಳಿಯುತ್ತಿದ್ದವು ಎಂಬುದು. ಈ ವಾದದಲ್ಲಿ ಸತ್ಯಾಂಶವಿದೆ, ಆದರೆ ಅದು ಅಪೂರ್ಣವಾದದ್ದು. ವಿರೋಧಿಗಳ ಬಲವನ್ನಷ್ಟೇ ಅಳೆದು ಸರದಿಯನ್ನು ಗೊತ್ತುಮಾಡುವ ಸರ್ಕಾರವು ಬಲಿಷ್ಠರಿಗೆ ನೋವಾಗುವ ಶಾಸನವನ್ನು ಸದಾ ಕೊನೆಗೇ ತಳ್ಳಬೇಕಾಗುತ್ತದೆ; ಹಾಗಾದಾಗ ಸರದಿ ಎಂಬುದು ನಿರಾಕರಣೆಯ ಸಭ್ಯ ರೂಪವಾಗಿಬಿಡುತ್ತದೆ.

ಭೂಶಾಸನದ ಮುಂದಿನ ಗತಿಯೇ ಇದಕ್ಕಿಂತ ಆಳವಾದ ಇನ್ನೊಂದು ಪಾಠವನ್ನು ಕೊಡುತ್ತದೆ. ರಾಷ್ಟ್ರಪತಿಗಳಿಂದ ಹಿಂದಿರುಗಿದ ಮಸೂದೆಯನ್ನು 1960ರಲ್ಲಿ ಹೊಸ ವಿಧಾನಸಭೆ ಮರುಪರಿಶೀಲಿಸಿ ಅಂಗೀಕರಿಸಿತು. ಅನುಮತಿಗೆ ಕಾಯುತ್ತಿರುವ ಮಸೂದೆ ಸಭೆಯ ವಿಸರ್ಜನೆಯಿಂದ ಬಿದ್ದುಹೋಗದು ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಆದರೆ ಹೀಗೆ 1961ರಲ್ಲಿ ಜಾರಿಗೆ ಬಂದ ಕೇರಳ ಭೂಸಂಬಂಧಗಳ ಶಾಸನವನ್ನು ಅದೇ ನ್ಯಾಯಾಲಯವು ಕರಿಂಬಿಲ್ ಕುಂಞಿಕೋಮನ್ ಪ್ರಕರಣದಲ್ಲಿ, ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ರೈತವಾರಿ ಭೂಮಿಗೆ ಸಂಬಂಧಿಸಿದಂತೆ, ಅಸಿಂಧುವೆಂದು ತೀರ್ಮಾನಿಸಿತು. ರೈತವಾರಿ ಎಂದರೆ ಹಿಡುವಳಿದಾರನು ಮಧ್ಯವರ್ತಿಯಿಲ್ಲದೆ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ಪದ್ಧತಿ. ಭೂಸುಧಾರಣೆಗೆ ರಕ್ಷಣೆ ಕೊಡುತ್ತಿದ್ದ ಸಂವಿಧಾನದ 31ಎ ವಿಧಿ 'ಎಸ್ಟೇಟ್'ಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಹಿಂದಿನ ದಕ್ಷಿಣ ಕನ್ನಡದ ರೈತವಾರಿ ಭೂಮಿ ಆ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ. ರಕ್ಷಣೆ ತಪ್ಪಿದೊಡನೆ ಸಮಾನತೆಯ ಪ್ರಶ್ನೆ ಎದುರಾಯಿತು: ಚಹಾ, ಕಾಫಿ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟು ಅಡಿಕೆ ಮತ್ತು ಕರಿಮೆಣಸಿನ ತೋಟಗಳಿಗೆ ಅದನ್ನು ನಿರಾಕರಿಸಿದ್ದಕ್ಕೆ ಸಮಂಜಸವಾದ ಆಧಾರವಿಲ್ಲವೆಂದು ನ್ಯಾಯಾಲಯ ಕಂಡಿತು.

ಅಡಿಕೆಯೇ ಜೀವನಾಧಾರವಾಗಿದ್ದ, ಮೂಲಗೇಣಿ ಮತ್ತು ಚಾಲಗೇಣಿಗಳೆಂಬ ತನ್ನದೇ ಗೇಣಿಪದ್ಧತಿಗಳಿದ್ದ ನೆಲವೊಂದು ರಾಜ್ಯಕ್ಕೆ ಸೇರಿದ್ದರೂ ರಾಜ್ಯದ ಶಾಸನದ ಕಲ್ಪನೆಯೊಳಗೆ ಸೇರಿರಲಿಲ್ಲ ಎಂಬುದನ್ನು ಈ ತೀರ್ಪು ಬಯಲು ಮಾಡಿತು. ಮೂಲಗೇಣಿದಾರನಿಗೆ ನಿಗದಿಯಾದ ಗೇಣಿಯ ಮೇಲೆ ಕಾಯಂ ಹಕ್ಕಿತ್ತು. ಚಾಲಗೇಣಿದಾರನಾದರೋ ವರ್ಷದಿಂದ ವರ್ಷಕ್ಕೆ ಧಣಿಯ ಮರ್ಜಿಯ ಮೇಲೆ ಬದುಕುತ್ತಿದ್ದ. ಶಾಸನ ಬಿದ್ದಾಗ ಅತ್ಯಂತ ಹೆಚ್ಚು ಕಳೆದುಕೊಂಡವನು ಈ ಎರಡನೆಯವನು. ಸರದಿಯ ಎರಡನೆಯ ನಿಯಮ ಇಲ್ಲಿಂದ ಹುಟ್ಟುತ್ತದೆ: ಯಾವ ಶಾಸನದ ಮೇಲೆ ಇತರ ಶಾಸನಗಳು ನಿಲ್ಲಬೇಕೋ ಅದು ಮೊದಲು ಬರಬೇಕು, ಅಡಿಪಾಯವಿಲ್ಲದ ಗೋಡೆಯನ್ನು ಎಷ್ಟು ಬೇಗ ಕಟ್ಟಿದರೂ ಅದು ಉಳಿಯದು. ಸಂಸತ್ತು 1964ರಲ್ಲಿ 17ನೆಯ ತಿದ್ದುಪಡಿಯ ಮೂಲಕ ರೈತವಾರಿ ಭೂಮಿಯನ್ನೂ ಎಸ್ಟೇಟಿನ ವ್ಯಾಖ್ಯೆಯೊಳಕ್ಕೆ ತಂದ ಮೇಲೆಯೇ ಸುಧಾರಣೆಗೆ ಗಟ್ಟಿ ನೆಲೆ ಸಿಕ್ಕಿತು. ಬ್ರಿಟನ್ನಿನಲ್ಲೂ ಐರ್ಲೆಂಡಿನ ಸ್ವಯಮಾಡಳಿತದ ಮಸೂದೆಗೆ ದಾರಿ ತೆರೆದದ್ದು, ಮೇಲ್ಮನೆಯ ತಡೆಯಧಿಕಾರವನ್ನು ಮೊದಲು ಮೊಟಕುಗೊಳಿಸಿದ 1911ರ ಸಂಸತ್ ಶಾಸನ.

ಕೇರಳದ 1963ರ ಭೂಸುಧಾರಣಾ ಶಾಸನವು 1969ರ ಸಮಗ್ರ ತಿದ್ದುಪಡಿಯೊಂದಿಗೆ 1970ರ ಜನವರಿ 1ರಿಂದ ಪೂರ್ಣ ಅರ್ಥದಲ್ಲಿ ಜಾರಿಗೆ ಬಂತು. ಅದನ್ನು ಪ್ರಶ್ನಿಸಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಸಲ್ಲಿಸಿದ ಅರ್ಜಿಯ ಮೇಲೆ 13 ನ್ಯಾಯಾಧೀಶರ ಪೀಠವು 1973ರ ಏಪ್ರಿಲ್ 24ರಂದು ತೀರ್ಪಿತ್ತು, ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದ ಕೆಡಿಸಲಾಗದು ಎಂಬ ಸಿದ್ಧಾಂತವನ್ನು ಸ್ಥಾಪಿಸಿತು. ಸುಧಾರಣೆಯ ತುರ್ತು ಎಷ್ಟೇ ನ್ಯಾಯಯುತವಾಗಿದ್ದರೂ ಅದಕ್ಕಿಂತ ಮೊದಲೇ ನಿಂತಿರುವ ಕೆಲವು ಮಿತಿಗಳಿವೆ ಎಂಬುದು ಆ ತೀರ್ಪಿನ ತಿರುಳು. ಶಾಸನಗಳ ಸರದಿಯಲ್ಲಿ ಯಾವ ಬಹುಮತವೂ ಹಿಂದೆ ಸರಿಸಲಾಗದ ಒಂದು ಸ್ಥಾನವನ್ನು ಅದು ಗುರುತಿಸಿತು.

ಮೂರನೆಯ ನಿಯಮ ಕಾಯುವಿಕೆಯ ಹೊರೆಗೆ ಸಂಬಂಧಿಸಿದ್ದು. 1957ರ ಏಪ್ರಿಲಿನಿಂದ 1970ರ ಜನವರಿಯವರೆಗಿನ ಸುಮಾರು 13 ವರ್ಷಗಳನ್ನು ಭೂಮಾಲೀಕನೂ ಚಾಲಗೇಣಿದಾರನೂ ಸಮನಾಗಿ ಕಳೆಯಲಿಲ್ಲ. ಒಬ್ಬನಿಗೆ ಆ ಅವಧಿ ವ್ಯವಸ್ಥೆ ಮಾಡಿಕೊಳ್ಳುವ ಬಿಡುವಾಗಿತ್ತು, ಇನ್ನೊಬ್ಬನಿಗೆ ಆತಂಕದ ಕಾಲವಾಗಿತ್ತು. ಗಡಿಯ ಆಚೆ, ಅದೇ ಗೇಣಿಪದ್ಧತಿಗಳಿದ್ದ ದಕ್ಷಿಣ ಕನ್ನಡದಲ್ಲಿ, ಕರ್ನಾಟಕದ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರನನ್ನು ಒಡೆಯನನ್ನಾಗಿಸುವವರೆಗೆ ಈ ಕಾಯುವಿಕೆ ಇನ್ನೂ ದೀರ್ಘವಾಗಿತ್ತು. ಯಾವ ಶಾಸನದಿಂದ ಹೆಚ್ಚು ಮಂದಿಗೆ ಲಾಭ ಎಂದು ಕೇಳುವಾಗಲೇ ಯಾರು ಕಾಯಲಾರರು ಎಂದೂ ಕೇಳಬೇಕೆಂಬುದನ್ನು ಈ ಇತಿಹಾಸ ಕಲಿಸುತ್ತದೆ.

ಸಂಖ್ಯೆಯಲ್ಲಿ ಚಿಕ್ಕವರಾದವರ ವಿಷಯದಲ್ಲಿ ಈ ನಿಯಮಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ರಾಜ್ಯ ಪುನರ್ವಿಂಗಡಣೆಯ ಜೊತೆಗೇ ಬಂದ ಸಂವಿಧಾನದ 7ನೆಯ ತಿದ್ದುಪಡಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಲು ಪ್ರಯತ್ನಿಸಬೇಕೆಂದು 350ಎ ವಿಧಿಯ ಮೂಲಕ ರಾಜ್ಯಗಳಿಗೆ ಹೇಳಿತು. ಗಡಿ ಒಂದೇ ದಿನದಲ್ಲಿ ಬದಲಾಯಿತು, ಭರವಸೆಯಾದರೋ ಪ್ರಯತ್ನದ ರೂಪದಲ್ಲಿ ಉಳಿಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ್ ಆಯೋಗ 1967ರಲ್ಲಿ ಮಾಡಿದ ಶಿಫಾರಸು, ಮೊಗ್ರಾಲನ್ನೂ ಒಳಗೊಂಡಿದ್ದ ಆ ಶಿಫಾರಸು, ಯಾವ ಸಂಸತ್ತಿನ ಸರದಿಯಲ್ಲೂ ಮೇಲಕ್ಕೆ ಬರಲಿಲ್ಲ. 2017ರಲ್ಲಿ ಕೇರಳವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದ್ದಕ್ಕೆ ಕಾರಣ ನೆರೆಯ ಭಾಷೆಯ ಮೇಲಣ ಅಸಹನೆಯಲ್ಲ. ಬಹುಸಂಖ್ಯಾತರ ಭಾಷೆಯ ರಕ್ಷಣೆಗೆ ಶಾಸನ ಬೇಗ ಸಿದ್ಧವಾಗುವಾಗ ಅಲ್ಪಸಂಖ್ಯಾತರ ಭಾಷೆಯ ಖಾತರಿಗಳು ದಶಕಗಳಿಂದ ಹಿಂದಿನ ಸಾಲಿನಲ್ಲೇ ನಿಂತಿವೆ ಎಂಬ ಅನುಭವ ಅದರ ಹಿಂದಿತ್ತು.

ಈ ವಾದಕ್ಕೆ ಬರಬಹುದಾದ ಬಲವಾದ ಆಕ್ಷೇಪವೆಂದರೆ, ಪ್ರಜಾಪ್ರಭುತ್ವದಲ್ಲಿ ಸರದಿಯನ್ನು ನಿರ್ಧರಿಸುವ ಅಧಿಕಾರ ಚುನಾಯಿತ ಸರ್ಕಾರಕ್ಕೇ ಸೇರಿದ್ದು, ಅದಕ್ಕೆ ತಾತ್ತ್ವಿಕ ನಿಯಮಗಳನ್ನು ಹೇರಿದರೆ ಜನಾದೇಶದ ಸ್ವಾತಂತ್ರ್ಯ ಕುಗ್ಗುತ್ತದೆ ಎಂಬುದು. ಆದರೆ ಅಧಿಕಾರವಿರುವುದರಿಂದ ಕಾರಣ ಕೊಡುವ ಹೊಣೆ ಇಲ್ಲವಾಗದು. ಸಭೆಯ ಕಾರ್ಯಕಲಾಪ ಸಲಹಾ ಸಮಿತಿ, ಎಂದರೆ ಯಾವ ವಿಷಯಕ್ಕೆ ಎಷ್ಟು ಸಮಯವೆಂದು ಹಂಚುವ ಸಮಿತಿ, ಚರ್ಚೆಯ ಗಂಟೆಗಳನ್ನು ಹಂಚುತ್ತದೆ. ಮುಂದೂಡಿದ್ದಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರ. ಪ್ರತಿ ಅಧಿವೇಶನದ ಆರಂಭದಲ್ಲಿ ಸರ್ಕಾರವು ತಾನು ಮುಂದಿಟ್ಟ ಮಸೂದೆಗಳ ಜೊತೆಗೆ ಹಿಂದಿಟ್ಟವುಗಳನ್ನೂ ಹೆಸರಿಸಿ, ಹಾಗೆ ಮಾಡಿದ ಕಾರಣವನ್ನೂ ಅವು ಸಭೆಗೆ ಬರುವ ಗಡುವನ್ನೂ ಲಿಖಿತವಾಗಿ ಮಂಡಿಸಿದರೆ ಜನಾದೇಶಕ್ಕೆ ಯಾವ ಧಕ್ಕೆಯೂ ಆಗದು. ಆಗ ಸಂಖ್ಯಾಬಲವಿಲ್ಲದ ಗಡಿನಾಡಿನ ಜನಕ್ಕೆ ಕೂಡ ತಮ್ಮ ಸರದಿ ಯಾವಾಗ ಎಂದು ಕೇಳುವ ಹಕ್ಕು, ಗಡುವು ಮೀರಿದಾಗ ಹೊಣೆ ಕೇಳುವ ಹಕ್ಕು ದೊರೆಯುತ್ತದೆ. ಕಾಯಬೇಕಾಗಿ ಬಂದವರಿಗೆ ಗಣರಾಜ್ಯವೊಂದು ಕೊಡಲೇಬೇಕಾದ ಕನಿಷ್ಠ ಮರ್ಯಾದೆ ಇದು.