ಹೊಟ್ಟೆಯೊಳಗಿನ ಕಿವಿ

ಲೂಕ 1ನೇ ಅಧ್ಯಾಯ ತೆಗೆಯಿರಿ. ಎಲಿಸಬೇತಳಿಗೆ ಆಗ ಆರು ತಿಂಗಳು. ಮರಿಯಳು ಬಂದು ವಂದಿಸಿದ ದನಿ ಕೇಳಿದ ಕೂಡಲೇ ಹೊಟ್ಟೆಯಲ್ಲಿದ್ದ ಕೂಸು ನಲಿದಾಡಿತು. ಹಲ್ಲೆಲೂಯಾ!

ಆರು ತಿಂಗಳು ಅಂದ್ರೆ ಏನು ಗೊತ್ತಾ? ಸುಮಾರು 20 ವಾರಕ್ಕೆ ಒಳಗಿವಿಯ ಕಾಕ್ಲಿಯಾ ರೂಪುಗೊಂಡಿರುತ್ತೆ. 24ರಿಂದ 28 ವಾರದ ಹೊತ್ತಿಗೆ ಶಬ್ದಕ್ಕೆ ಮಗು ಮಿಸುಕಾಡುತ್ತೆ. ತಗ್ಗು ದನಿ ಮೊದಲು ಕೇಳುತ್ತೆ. ಅಮ್ಮನ ದನಿಯಂತೂ ಅವಳ ಮೈಯೊಳಗಿಂದಲೇ ಹಾಯ್ದು ಬರುತ್ತೆ. ಮಾತಿನ ಅರ್ಥ ತಿಳಿಯದು, ಏರಿಳಿತ ಮನಸ್ಸಲ್ಲಿ ಉಳಿಯುತ್ತೆ.

ನಮ್ಮ ಮನೆಯಲ್ಲೂ ಈಗ ಏಳನೇ ತಿಂಗಳು. ಅದಕ್ಕೇ ಹೇಳ್ತೀನಿ, ಗಂಡಂದಿರೇ: ಆಫೀಸಿನ ಕೋಪ, ಇಎಂಐ ಚಿಂತೆ ಹೊತ್ತುಕೊಂಡು ಮನೇಲಿ ಕೂಗಾಡಿದರೆ ಕೇಳೋರು ಒಬ್ಬರಲ್ಲ, ಇಬ್ಬರು. ಇವತ್ತು ರಾತ್ರಿ ಹೆಂಡತಿ ಪಕ್ಕ ಕೂತು, ಬಾಯಿಬಿಟ್ಟು ಪ್ರಾರ್ಥಿಸಿ. ಮಗು ನಿಮ್ಮ ಮುಖ ನೋಡೋ ಮುಂಚೆ ನಿಮ್ಮ ಪ್ರಾರ್ಥನೆಯ ದನಿ ಕೇಳಲಿ. ಆಮೆನ್.